ಸದ್ದು ಮಾಡುವ ತಿಂಡಿಗಳು

ಜಗತ್ತಿನ ತಿಂಡಿಗಳಲ್ಲಿ ಇರುವುದು ಎರಡೇ ಜಾತಿ. ಸದ್ದು ಮಾಡುವವು, ಸದ್ದು ಮಾಡದವು. ಸಿಹಿ, ಖಾರ, ಹುಳಿ ಎಂಬುದೆಲ್ಲ ಹಗಲು ಹೊತ್ತಿನಲ್ಲಿ ತಿನ್ನುವವರು ಮಾಡಿಕೊಂಡ ವಿಂಗಡಣೆ. ನಡುರಾತ್ರಿ ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತು ತಿನ್ನುವವನಿಗೆ ಹಲಸಿನ ಹಪ್ಪಳ, ಚಕ್ಕುಲಿ, ಬಾಳೆಕಾಯಿ ಚಿಪ್ಸು ಒಂದು ಕಡೆ. ಜೋನಿಬೆಲ್ಲ, ಬಾಳೆಹಣ್ಣು, ಮಿಕ್ಕ ಅನ್ನ ಇನ್ನೊಂದು ಕಡೆ. ತೊಡದೇವಂತೂ ಈ ಎರಡೂ ಜಾತಿಯನ್ನು ಮೀರಿದ್ದು. ಬೋರಲು ಹಾಕಿದ ಮಡಕೆಯ ಬೆನ್ನಿಗೆ ಅಕ್ಕಿಹಿಟ್ಟು, ಬೆಲ್ಲದ ತೆಳುವನ್ನು ಬಳಿದು ಎಬ್ಬಿಸಿದ ಆ ಕಾಗದದಂಥ ತಿಂಡಿ ಕೈ ತಾಗಿದರೇ ಕೂಗುತ್ತದೆ. ಕಳ್ಳತನಕ್ಕೆ ಅದರಷ್ಟು ಅಯೋಗ್ಯವಾದ ವಸ್ತು ಇನ್ನೊಂದಿಲ್ಲ.

ನಮ್ಮ ಮನೆ ಅರಬೈಲ್ ಘಟ್ಟದ ರಸ್ತೆಗೆ ಕೂಗಳತೆಯಲ್ಲಿದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಲಾರಿಗಳು, ಅಲ್ಲಿಂದ ಏದುತ್ತ ಹತ್ತುವ ಲಾರಿಗಳು, ಎಲ್ಲವೂ ನಮ್ಮ ತೋಟದ ನೆತ್ತಿಯ ಮೇಲಿನ ತಿರುವಿನಲ್ಲಿ ಗೇರು ಬದಲಿಸುತ್ತವೆ. ಆ ಸದ್ದಿಗೆ ಸರಿಯಾಗಿ ಹಪ್ಪಳ ಮುರಿದರೆ ಒಳಕೋಣೆಯಲ್ಲಿ ಮಲಗಿದ ಅಪ್ಪಯ್ಯನಿಗೆ ಕೇಳುವುದಿಲ್ಲ. ಒಂದು ಲಾರಿಗೆ ಒಂದು ಹಪ್ಪಳ. ಬಳ್ಳಾರಿ ಕಡೆಯ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಲಾರಿಗಳ ಸಾಲೇ ಕಡಿಯುತ್ತಿರಲಿಲ್ಲ, ನನ್ನ ಹಪ್ಪಳಕ್ಕೂ ತಡೆ ಇರಲಿಲ್ಲ. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಧೂಳು ತಪ್ಪಿತಲ್ಲ ಎಂದು ಊರಿಗೆ ಊರೇ ಸಂತೋಷಪಟ್ಟಿತು. ಗಣಿಯಲ್ಲಿ ಒಂದು ಕಾಸಿನ ಪಾಲೂ ಇಲ್ಲದೆ ಅದಕ್ಕಾಗಿ ಮರುಗಿದವನು ಬಹುಶಃ ನಾನೊಬ್ಬನೇ.

ಹೀಗೆ ಹೇಳಿದರೆ ತಮಾಷೆಯಾಗಿ ಕೇಳುತ್ತದೆ. ತಮಾಷೆಯಾಗಿ ಹೇಳುವುದನ್ನು ಕಲಿಯಲಿಕ್ಕೇ ನನಗೆ ಹನ್ನೆರಡು ವರ್ಷ ಬೇಕಾಯಿತು. ಅದು ಹಸಿವೆ ಆಗಿರಲಿಲ್ಲ. ಎರಡನೆಯ ತುತ್ತಿಗೆ ರುಚಿ ಮುಗಿದಿರುತ್ತಿತ್ತು. ಆಮೇಲೆ ತಿನ್ನುತ್ತಿದ್ದುದು ಕೈ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಡಬ್ಬದ ತಳಕ್ಕೆ ಬೆರಳು ತಾಗಿದಾಗ ಎಚ್ಚರ. ಹೊಟ್ಟೆ ಬಿರಿದು ಉಸಿರಾಡಲಿಕ್ಕಾಗದೆ ಹಿಂದಿನ ಜಗುಲಿಯಲ್ಲಿ ಕೂತು, ದನದ ಕೊಟ್ಟಿಗೆಯಿಂದ ಬರುವ ಮೆಲುಕಿನ ಸದ್ದು ಕೇಳುತ್ತಿದ್ದೆ. ತಿಂದದ್ದನ್ನು ಮತ್ತೆ ತಿನ್ನುವ ಆ ಪ್ರಾಣಿಗಳಿಗೆ ಎಂಥ ನೆಮ್ಮದಿ ಎಂದು ಹೊಟ್ಟೆಕಿಚ್ಚಾಗುತ್ತಿತ್ತು. ನಾಳೆಯಿಂದ ಇಲ್ಲ ಎಂದು ಶಪಥ. ಮಾರನೆಯ ದಿನ ಪ್ರಾಯಶ್ಚಿತ್ತಕ್ಕೆ ಉಪವಾಸ.

ಉಪವಾಸ ನಮ್ಮ ಕಡೆ ಎಂಥ ಅನುಕೂಲದ ವಸ್ತು ಎನ್ನುತ್ತೀರಿ! ಮೊದಲು ಏಕಾದಶಿ ಹಿಡಿದೆ. ಸಾಲಲಿಲ್ಲ. ಸಂಕಷ್ಟಿ ಸೇರಿಸಿದೆ, ಸೋಮವಾರ ಸೇರಿಸಿದೆ, ಶನಿವಾರಕ್ಕೂ ಒಬ್ಬ ದೇವರು ಸಿಕ್ಕಿದ. ನಮ್ಮ ಮನೆಯಲ್ಲೇ ಇರುವ ಸೋದರತ್ತೆ ಬಂದವರ ಮುಂದೆಲ್ಲ, "ಈಗಿನ ಕಾಲದಲ್ಲಿ ಇಂಥಾ ಮಾಣಿ ಎಲ್ಲಿದ್ದ?" ಎಂದು ಹೇಳಿಕೊಂಡು ತಿರುಗಿದಳು. ಅತ್ತ ಮದುವೆ ಮುಂಜಿಯ ಪಂಕ್ತಿಯಲ್ಲಿ ನನ್ನ ಕೀರ್ತಿ ಬೇರೆ. ಎಲೆಯ ಮುಂದೆ ಕೂತವರು ಒಬ್ಬರ ನಂತರ ಒಬ್ಬರು ಗ್ರಂಥ ಹೇಳಿ, ಹರಹರ ಮಹಾದೇವ ಎಂದು ಎಲ್ಲರೂ ದನಿಗೂಡಿಸುವ ಹೊತ್ತಿಗೆ ಹೋಳಿಗೆಯ ಬುಟ್ಟಿ ಹಿಡಿದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಡಿಸುವವನಿಗೂ ಒಬ್ಬ ಎದುರಾಳಿ ಬೇಕಲ್ಲ. ಉಂಡರೆ ಭೀಮ, ಬಿಟ್ಟರೆ ಋಷಿ. ನಮ್ಮ ಕಡೆ ಎರಡಕ್ಕೂ ಹೊಗಳಿಕೆ ಇದೆ. ನಡುವೆ ಸುಮ್ಮನೆ ಹಿತವಾಗಿ ಉಂಡೇಳುವವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎರಡೂ ಬಿರುದು ಒಟ್ಟಿಗೆ ಪಡೆದವನು ಯಾರ ಹತ್ತಿರ ಹೋಗಿ ನನಗೆ ಊಟದ್ದೇ ಕಾಯಿಲೆ ಎನ್ನಬೇಕು?

ಒಮ್ಮೆ ಧೈರ್ಯ ಮಾಡಿ ಒಬ್ಬ ಡಾಕ್ಟರಲ್ಲಿ, ರಾತ್ರಿ ಸ್ವಲ್ಪ ಹೆಚ್ಚು ತಿನ್ನುತ್ತೇನೆ ಅಂದೆ. ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಊರಿನ ಹಳೆಯ ವೈದ್ಯರು ನಾಡಿ ಹಿಡಿದು, ಇದು ಭಸ್ಮಕ, ಜಠರಾಗ್ನಿ ಕೆರಳಿದೆ ಎಂದರು. ಕನಿಷ್ಠ ಒಂದು ಹೆಸರಾದರೂ ಸಿಕ್ಕಿತೆಂದು ಖುಷಿಯಾಯಿತು. ಆದರೆ ಅವರ ಜಗುಲಿಯಲ್ಲಿ ಕೂತಿದ್ದವರೊಬ್ಬರಿಗೆ ಅದು ಅರ್ಧ ಕೇಳಿಸಿ, ನನಗೆ ಭಸ್ಮಾಸುರ ಹಿಡಿದಿದೆಯೆಂದು ಸುದ್ದಿಯಾಯಿತು. ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರ ನೋಡಿ ಬೆಳೆದ ಊರು ನಮ್ಮದು. ಯಾರೂ ಹೆದರಲಿಲ್ಲ. ಹಾಗಾದರೆ ಮಾಣಿ ಮುಂದಿನ ತಿರುಗಾಟಕ್ಕೆ ಗೆಜ್ಜೆ ಕಟ್ಟುತ್ತಾನೋ ಎಂದು ಕೇಳಿದರು.

2021ರ ಜುಲೈಯ ಮಳೆಯಲ್ಲಿ ಘಟ್ಟದ ಗುಡ್ಡ ರಸ್ತೆಯ ಮೇಲೆ ಕುಸಿಯಿತು. ಕೆಳಗೆ ಗುಳ್ಳಾಪುರದ ಸೇತುವೆ ಹೊಳೆಯ ಪಾಲಾಯಿತು. ಕಳಚೆಯಲ್ಲಿ ಜನರ ಮನೆ, ತೋಟ ಎಲ್ಲ ಮಣ್ಣಿನ ಜೊತೆ ಜಾರಿಹೋದವು. ಲಾರಿಗಳು ನಿಂತವು. ನನಗೆ ಬುದ್ಧಿ ಬಂದಾಗಿನಿಂದ ಅಂಥ ರಾತ್ರಿ ಕಂಡಿರಲಿಲ್ಲ. ಬರೀ ಮಳೆ, ಅದು ನಿಂತರೆ ಬರೀ ಕಪ್ಪೆ. ನೆರೆಯ ಊರಿನವರು ಹುಟ್ಟಿದ ಮನೆ ಕಳೆದುಕೊಂಡು ಶಾಲೆಯಲ್ಲಿ ಮಲಗಿದ್ದಾರೆ, ನಾನು ಇಲ್ಲಿ ಲಾರಿಯ ಸದ್ದಿಲ್ಲದೆ ಹಪ್ಪಳ ಮುರಿಯುವುದು ಹೇಗೆಂದು ಚಿಂತಿಸುತ್ತ ನಿಂತಿದ್ದೇನೆ. ಹಪ್ಪಳವನ್ನು ನೀರಿನಲ್ಲಿ ಅದ್ದಿ, ಮೆತ್ತಗೆ ಮಾಡಿ ತಿಂದೆ. ಅಷ್ಟು ಹೇಸಿಗೆಯ ತಿಂಡಿಯನ್ನು ನಾನು ಮೊದಲೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ. ಆ ರಾತ್ರಿ ಮೊದಲ ಬಾರಿಗೆ ಹೆದರಿದೆ. ಮುಂದೆ ರಸ್ತೆಯವರು ಬಂದು ಕುಸಿದ ಗುಡ್ಡವನ್ನು ನೋಡಿ, ನೀರು ಎಲ್ಲಿಂದ ಒಳಗೆ ಇಳಿಯಿತು ಎಂದು ವಿಚಾರಿಸಿದರು. ಮನಸ್ಸು ಗಟ್ಟಿ ಮಾಡಿಕೋ ಎಂದು ಗುಡ್ಡಕ್ಕೆ ಯಾರೂ ಹೇಳಲಿಲ್ಲ.

ಆದರೂ ಮತ್ತೊಂದು ವರ್ಷ ಕಳೆಯಿತು. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಸಹಾಯವಾಣಿ ಶುರುವಾಯಿತು. 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕೆಂದಿಲ್ಲ. ಎಲ್ಲ ಸರಿ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗೇರುಮರದ ಬುಡದಲ್ಲಿ ಮಾತ್ರ. ಅದು ನಮ್ಮ ಕೇರಿಯ ಟೆಲಿಫೋನ್ ಬೂತು. ಒಬ್ಬರು ಅಡಿಕೆಯ ದರ ಕೇಳುತ್ತಿದ್ದರೆ ಇನ್ನಿಬ್ಬರು ಸರದಿಗೆ ಕಾಯುತ್ತ ದರ ಕೇಳಿಸಿಕೊಳ್ಳುತ್ತಾರೆ. ಮೊದಲ ಸಲ ಆ ಕಡೆಯಿಂದ ನಮಸ್ಕಾರ ಎಂದು ಹೆಣ್ಣುದನಿ ಕೇಳಿದ್ದೇ ಕಟ್ ಮಾಡಿದೆ. ಎರಡನೆಯ ಸಲ ನನ್ನ ಸ್ನೇಹಿತನೊಬ್ಬನಿದ್ದಾನೆ ಎಂದು ಶುರುಮಾಡಿದೆ. ಆಕೆ ಸ್ನೇಹಿತನ ಬಗ್ಗೆ ಬಹಳ ತಾಳ್ಮೆಯಿಂದ ಕೇಳಿದರು. ರಾತ್ರಿ ಎದ್ದು ತಿನ್ನುತ್ತಾರಾ, ಮರುದಿನ ಬಿಡುತ್ತಾರಾ, ಯಾರಿಗೂ ಹೇಳಿಲ್ಲವಾ. ಕೊನೆಗೆ, "ನಿಮ್ಮ ಸ್ನೇಹಿತರಿಗೆ ಇದು ಅವರ ತಪ್ಪಲ್ಲ ಅಂತ ಹೇಳ್ತೀರಾ?" ಅಂದರು. ಹೇಳುತ್ತೇನೆ ಅಂದೆ. ಗಂಟಲು ಕಟ್ಟಿತು. ಹಿಂದೆ ಸರದಿಯಲ್ಲಿ ನಿಂತಿದ್ದ ಭಾವ, "ಎಂತಾ ಆತೋ, ದರ ಬಿತ್ತನಾ?" ಅಂದ.

ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆ ಇದೆಯೆಂದು ಆಕೆ ತಿಳಿಸಿದ್ದರು. ಆದರೆ ಯಲ್ಲಾಪುರದಲ್ಲಿ ನನ್ನ ಬೈಕು ನಿಂತಲ್ಲಿ ನಾನಿದ್ದೇನೆಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಮೊದಲೇ ತೋಟ ಮಾಡಿಕೊಂಡಿರುವ ಮಾಣಿಗೆ ಹೆಣ್ಣು ಸಿಗದ ಕಾಲ. ಅದರ ಮೇಲೆ ಈ ಸುದ್ದಿ ಬೇರೆ. ಹಾಗಾಗಿ ಅಲ್ಲಿಗೆ ಬೇಡ, ಧಾರವಾಡಕ್ಕೇ ಹೋಗೋಣ ಎಂದುಕೊಂಡೆ. ಇದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಧಾರವಾಡಕ್ಕೆ ಕಳಿಸಬೇಕು ಎನ್ನುವುದು ನಮ್ಮ ಸೀಮೆಯಲ್ಲಿ ಒಂದು ಊರಿನ ಮಾತಲ್ಲ, ಬೈಗುಳ. 1845ರಲ್ಲಿ ಶುರುವಾದ ಆ ಆಸ್ಪತ್ರೆ ಇವತ್ತು ಡಿಮ್ಹಾನ್ಸ್ ಎಂದು ಹೆಸರು ಬದಲಿಸಿಕೊಂಡಿದೆ, ಬೈಗುಳ ಮಾತ್ರ ಹಳೆಯದೇ ಉಳಿದಿದೆ. ಮನೆಯಲ್ಲಿ ಬ್ಯಾಂಕಿನ ಕೆಲಸ ಅಂದೆ. ಅತ್ತೆ ಬೇರೇನೂ ಕೇಳಲಿಲ್ಲ. "ಧಾರವಾಡದಿಂದ ಫೇಡೆ ತಗಂಡು ಬಾ, ಮಾಣಿ" ಅಂದಳು.

ನೂರು ಕಿಲೋಮೀಟರಿನಷ್ಟು ದೂರ ಬಸ್ಸಿನಲ್ಲಿ ಕೂತು, ಪರಿಚಯದ ಮುಖವೇ ಇಲ್ಲದ ಊರಿಗೆ ಬಂದೆನೆಂಬ ಹೆಮ್ಮೆಯಲ್ಲಿ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕುಳಿತೆ. ಪಕ್ಕದವರು ದಿನಪತ್ರಿಕೆಯನ್ನು ಮುಖದ ಮೇಲೆ ಹಿಡಿದಿದ್ದರು, ಅದೂ ತಲೆಕೆಳಗಾಗಿ. ಸ್ವಲ್ಪ ಹೊತ್ತಿಗೆ ಪತ್ರಿಕೆ ಇಳಿಯಿತು. ನಮ್ಮ ಊರಿನವರೇ, ದೂರದ ಸಂಬಂಧದಲ್ಲಿ ಮಾವ. ಇಬ್ಬರೂ ಗೋಡೆ ನೋಡಿದೆವು.

"ಬಿಪಿ ತೋರ್ಸಲೆ ಬಂದಿದ್ದಿ" ಎಂದರು ಮಾವ.

"ಆನೂ" ಅಂದೆ.

ಬಿಪಿ ನೋಡಿಸಲಿಕ್ಕೆ ಅರಬೈಲಿನಿಂದ ಧಾರವಾಡದ ಮಾನಸಿಕ ಆಸ್ಪತ್ರೆಗೆ ಬಂದ ಇಬ್ಬರು ಅಪೂರ್ವ ರೋಗಿಗಳು ನಾವು.

ಒಳಗೆ ಕೂತಿದ್ದ ವೈದ್ಯೆ ನನಗಿಂತ ಹತ್ತು ವರ್ಷ ಚಿಕ್ಕವರು. ಗಂಡಸು ಇಂಥದಕ್ಕೆ ಬಂದರೆ ನಗುತ್ತಾರೇನೋ ಎಂಬ ಭಯ ನನ್ನದು. ಅವರು ನಗಲಿಲ್ಲ. ಅತಿಯಾಗಿ ತಿನ್ನುವುದು, ಆಮೇಲೆ ಅದನ್ನು ಅಳಿಸಲು ಉಪವಾಸವೋ ಇನ್ನೊಂದೋ ಮಾಡುವುದು, ಈ ಚಕ್ರಕ್ಕೆ ಬುಲಿಮಿಯಾ ನರ್ವೋಸಾ ಎಂಬ ಹೆಸರು ಕೊಟ್ಟವರು ಲಂಡನ್ನಿನ ಜೆರಾಲ್ಡ್ ರಸೆಲ್, 1979ರಲ್ಲಿ ಎಂದರು. ನನಗೆ ಸಮಾಧಾನವಾಯಿತು. ಲಂಡನ್ನಿನವರಿಗೇ ಅಷ್ಟು ತಡವಾಗಿ ಗೊತ್ತಾದದ್ದು ನಮ್ಮ ಅತ್ತೆಗೆ ಗೊತ್ತಿಲ್ಲದಿದ್ದರೆ ಅವಳ ತಪ್ಪೇನು? ನನ್ನ ವ್ರತಗಳ ಪಟ್ಟಿ ಹೇಳಿದಾಗ ಮಾತ್ರ ಅವರು ಪೆನ್ನು ಕೆಳಗಿಟ್ಟರು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ನೋಡಿದರಂತೆ. ಹುಡುಗರಿಗೆ ಬೇರೆ ಯೋಚನೆಯೇ ಹೋಯಿತು. ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆ ನೆಕ್ಕಿದರು. ಮುಂದೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. "ನಿಮ್ಮ ರಾತ್ರಿಯ ಊಟಕ್ಕೆ ನಿಮ್ಮ ಹಗಲಿನ ಉಪವಾಸವೂ ಕಾರಣ" ಎಂದರು ವೈದ್ಯೆ. ಪ್ರಾಯಶ್ಚಿತ್ತ ಎಂದು ನಾನು ಮಾಡುತ್ತಿದ್ದದ್ದೇ ಮುಂದಿನ ಪಾಪಕ್ಕೆ ಮುಂಗಡ. ಅವರು ಕೊಟ್ಟ ಔಷಧದ ಮೊದಲ ಸಾಲು: ಮೂರು ಹೊತ್ತು ಊಟ, ನಡುವೆ ತಿಂಡಿ, ಗಡಿಯಾರ ನೋಡಿ, ಹಗಲು ಬೆಳಕಿನಲ್ಲಿ, ಜನರ ನಡುವೆ. ವ್ರತ ಸದ್ಯಕ್ಕೆ ಬೇಡ. ಉಳಿದದ್ದನ್ನು ಮಾತಾಡಿ ಸರಿಮಾಡಲು ತಿಂಗಳಿಗೆ ಇಷ್ಟು ಸಲ ಬರಬೇಕು.

ಹೊರಗೆ ಮಾವ ಕಾಯುತ್ತಿದ್ದರು. ಇಬ್ಬರೂ ಮಾತಾಡದೆ ಲೈನ್ ಬಜಾರಿಗೆ ಹೋಗಿ ತಲಾ ಅರ್ಧ ಕಿಲೋ ಫೇಡೆ ಕೊಂಡೆವು. ತಿನ್ನುವ ಕಾಯಿಲೆಗೆ ಮದ್ದು ತರಲು ಹೋದವನ ತೊಡೆಯ ಮೇಲೆ ಫೇಡೆಯ ಪೊಟ್ಟಣ. ಹುಬ್ಬಳ್ಳಿ, ಕಲಘಟಗಿ, ಕಿರವತ್ತಿ, ಅದರ ಬಿಸಿ ಹಾಗೇ ಇತ್ತು. ಕಿರವತ್ತಿ ದಾಟಿ ಕಾಡು ಶುರುವಾದ ಮೇಲೆ ಮಾವ ಕಿಟಕಿಯ ಕಡೆ ನೋಡುತ್ತ, ಮೂರು ವರ್ಷದಿಂದ ನಿದ್ದೆ ಇಲ್ಲ ಎಂದರು. ನಾನು ಹಪ್ಪಳದ ಕತೆ ಹೇಳಿದೆ. ಲಾರಿಗೊಂದು ಹಪ್ಪಳ ಎಂದಾಗ ಮಾವ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಮುಂದಿನ ತಿಂಗಳಿಂದ ಇಬ್ಬರೂ ತಾಲೂಕು ಆಸ್ಪತ್ರೆಗೇ ಹೋದೆವು, ಒಂದೇ ಬೈಕಿನಲ್ಲಿ.

ಮನೆಯಲ್ಲಿ ಹೇಳುವುದು ಬಾಕಿಯಿತ್ತು. ಏಕಾದಶಿಯ ದಿನ ಬೆಳಿಗ್ಗೆ ಎಲ್ಲರ ಎದುರು ಕೂತು ದೋಸೆ ಹಾಕಿಸಿಕೊಂಡೆ. ಅತ್ತೆ ಆ ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ. ರಾತ್ರಿ ಅಂಗಳದ ಮೂಲೆಯಲ್ಲಿ ಅಡಿಕೆ ಸುಲಿಯುತ್ತ ಆಯಿ ಒಬ್ಬಳೇ ಕೂತಿದ್ದಳು. ನಾನೂ ಒಂದು ಮೆಟ್ಟುಗತ್ತಿಯ ಮೇಲೆ ಕೂತೆ. ಸಿಪ್ಪೆ ಸೀಳುವ ಸದ್ದಿನ ನಡುವೆ ಎಲ್ಲ ಹೇಳಿದೆ. ಮುಖ ನೋಡಿ ಮಾತಾಡಬೇಕಾಗಿಲ್ಲದ ಕೆಲಸ ಅದು. ಆಯಿ ಕೈ ನಿಲ್ಲಿಸಲಿಲ್ಲ.

"ಎಂಗೆ ಗೊತ್ತಿತ್ತು" ಅಂದಳು.

ಹೇಗೆ ಎಂದೆ. ಹಪ್ಪಳದ ಡಬ್ಬದ ಮುಚ್ಚಳಕ್ಕೆ ಒಳಗಿನಿಂದ ಹಳೆ ಸೀರೆಯ ಚೂರು ಸುತ್ತಿರುವುದನ್ನು ನೋಡಿದ್ದೆಯಲ್ಲ ಎಂದು ಕೇಳಿದಳು. ನೋಡಿದ್ದೆ. ವರ್ಷಗಳಿಂದ ನೋಡಿದ್ದೆ. ಇರುವೆ ಬಾರದಿರಲಿ ಎಂದು ಮಾಡಿದ್ದೆಂದುಕೊಂಡಿದ್ದೆ.

"ತಗಡಿನ ಮುಚ್ಚಳ ಸಪ್ಪಳ ಆಗ್ತಿತ್ತು" ಎಂದಳು ಆಯಿ. "ಅಪ್ಪಯ್ಯಂಗೆ ಎಚ್ಚರ ಆದ್ರೆ ನಿಂಗೆ ಬೈತಿದ್ದ."

ಡಬ್ಬ ನಾಗಂದಿಗೆಯಿಂದ ಕೆಳಗಿನ ಗೂಡಿಗೆ ಇಳಿದದ್ದೂ ನೆನಪಾಯಿತು. ಕತ್ತಲೆಯಲ್ಲಿ ಮಾಣಿ ಮಣೆ ಹತ್ತಿ ಬಿದ್ದಾನೆಂದು. ಕೇಳಬೇಕೆಂದು ಅವಳೂ ಎಷ್ಟೋ ರಾತ್ರಿ ಎದ್ದು ಕೂತಿದ್ದಳಂತೆ. ಕೇಳಿದರೆ ನಾನು ತಿನ್ನುವುದನ್ನೇ ಬಿಟ್ಟುಬಿಟ್ಟರೆ ಎಂದು ಅವಳಿಗೆ ಭಯ. ಗೋಡೆಯ ಆಚೆ ಅವಳು, ಈಚೆ ನಾನು, ನಡುವೆ ಒಂದು ಬಟ್ಟೆ ಸುತ್ತಿದ ಮುಚ್ಚಳ. ಅಪ್ಪಯ್ಯ ಒಬ್ಬನೇ ನಿದ್ದೆ ಮಾಡಿದವನು.

ಪೂರ್ತಿ ವಾಸಿಯಾಯಿತೇ ಎಂದು ಮಾವ ಈಗಲೂ ಬೈಕಿನಲ್ಲಿ ಹಿಂದಿನಿಂದ ಕೇಳುತ್ತಾರೆ. ಕೆಲವು ವಾರ ಚಲೋ ಇರುತ್ತದೆ, ಕೆಲವು ರಾತ್ರಿ ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತದೆ. ಹೋದರೆ ದೀಪ ಹಾಕಬೇಕು ಎನ್ನುವುದು ವೈದ್ಯೆಯ ಜೊತೆ ಆದ ಒಪ್ಪಂದ. ಪಂಕ್ತಿಯಲ್ಲಿ ಎರಡು ಹೋಳಿಗೆಗೆ ಕೈ ಅಡ್ಡ ಹಿಡಿದರೆ ಬಡಿಸುವವರು ನನಗೆ ಸಕ್ಕರೆ ಕಾಯಿಲೆಯೆಂದು ತೀರ್ಮಾನಿಸಿ ಮರುಗುತ್ತಾರೆ. ಮರುಗಲಿ. ಅತ್ತೆ ಮಾತ್ರ ನನ್ನ ಪಾಲಿನ ಏಕಾದಶಿಯನ್ನೂ ಸೇರಿಸಿ ತಾನೇ ಮಾಡುತ್ತಿದ್ದಾಳೆ.

ಮೊನ್ನೆ ಆಲೆಮನೆಯ ದಿನಗಳಲ್ಲಿ ಆಯಿ ತೊಡದೇವು ಮಾಡಿದ್ದಳು. ರಾತ್ರಿ ಅಡಿಕೆ ಮುಗಿಸಿ ಅಡುಗೆಮನೆಗೆ ಬಂದು ದೀಪ ಹಾಕಿದೆವು. ಘಟ್ಟದಲ್ಲಿ ಒಂದು ಲಾರಿಯೂ ಇರಲಿಲ್ಲ. ಆಯಿ ಒಂದು ಮುರಿದಳು, ನಾನೊಂದು ಮುರಿದೆ. ಒಣ ತರಗೆಲೆಯ ಮೇಲೆ ದನ ನಡೆದಂತೆ ಸದ್ದಾಯಿತು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಅದ್ಯಾರು?" ಎಂದ ಅಪ್ಪಯ್ಯ.

"ಆನೇಯಾ" ಅಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕತ್ತಲೊಳಗಿಂದ, "ಎಂಗೂ ಒಂದು ತಗಂಡು ಬಾ."