ಬಸ್ ಸ್ಟ್ಯಾಂಡ್ ಹತ್ರದ ಮನೆ

ಹಾರೋಹಳ್ಳಿಯಿಂದ ಬೆಂಗಳೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲ. ‘ಹಾರೋಹಳ್ಳೀಲಿ ಎಲ್ಲಿ ನಿಮ್ಮನೆ?’ ಎಂದು ಯಾರಾದರೂ ಕೇಳಿದರೆ ‘ಬಸ್ ಸ್ಟ್ಯಾಂಡ್ ಹತ್ರ’ ಎನ್ನುತ್ತಿದ್ದೆ. ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿಂದ ನಮ್ಮ ಕೇರಿಗೆ ಇನ್ನೂ ಕಾಲು ಗಂಟೆ ನಡೆಯಬೇಕಿತ್ತು.

ಎರಡನೇ ವರ್ಷ ಕನ್ನಡ ಸೆಮಿನಾರಿಗೆ ನನ್ನ ಪಾಲಿಗೆ ಬಂದದ್ದು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಹೆಸರು ಕೇಳಿಯೇ ಹಿಂಜರಿದೆ. ಅದರ ಬಗ್ಗೆ ಮಾತಾಡಲು ನಿಂತರೆ ನನ್ನ ಕೇರಿಯೂ ಗೊತ್ತಾಗಿಬಿಡುತ್ತದಲ್ಲ ಎಂಬ ಅಳುಕು.

ನಾನು ಬಲ್ಲ ಸಿದ್ಧಲಿಂಗಯ್ಯ ಸಿಟ್ಟಿನ ಕವಿ. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು. 1975ರ ‘ಹೊಲೆಮಾದಿಗರ ಹಾಡು’, 1979ರ ‘ಸಾವಿರಾರು ನದಿಗಳು’ ಸಂಕಲನಗಳ ಪದ್ಯಗಳನ್ನು ನಮ್ಮ ಕೇರಿಯವರು ಪುಸ್ತಕದಲ್ಲಿ ಓದಿದ್ದಲ್ಲ, ಸಭೆಗಳಲ್ಲಿ ಕೇಳಿ ಕಲಿತದ್ದು. ಅವರೂ ನಮ್ಮ ಸೀಮೆಯವರೇ. 1954ರಲ್ಲಿ ಮಾಗಡಿಯ ಮಂಚನಬೆಲೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಬೆಂಗಳೂರಿನ ಶ್ರೀರಾಮಪುರ ಸೇರಿದವರು.

ಪುಸ್ತಕ ತೆರೆದರೆ ಸಿಟ್ಟಿನ ಬದಲು ನಗು. ಸ್ಮಶಾನವನ್ನೇ ಇಷ್ಟದ ಜಾಗ ಮಾಡಿಕೊಂಡ ಹುಡುಗನ ಪ್ರಸಂಗ ಓದುತ್ತಾ ಒಬ್ಬನೇ ನಗುತ್ತಿದ್ದೆ. ಅಪ್ಪ ಕೇಳಿದರು, ‘ಅದೇನ್ಲಾ ಅದು, ನಂಗೂ ಓದು.’ ಅವರಿಗೆ ಅಕ್ಷರ ಬರದು. ಮೊದಲಿಂದ ಓದಿದೆ. ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ಉಳುತ್ತಿರುತ್ತಾರೆ. ಅವರಲ್ಲೊಬ್ಬರು ಕವಿಯ ತಂದೆ. ಆ ಭಾಗ ಬಂದಾಗ ನನ್ನ ದನಿ ತಾನಾಗಿ ಇಳಿಯಿತು.

ಅಪ್ಪ ಸುಮ್ಮನಿದ್ದರು. ಆಮೇಲೆ, ಹುಡುಗನಾಗಿದ್ದಾಗ ಕಲ್ಲು ಕ್ವಾರಿಯಲ್ಲಿ ಹೊತ್ತ ಜಲ್ಲಿ, ಒಂದು ಮುದ್ದೆಗಾಗಿ ಅಣ್ಣನ ಜೊತೆ ಆಡಿದ ಜಗಳ ಎಲ್ಲ ಹೇಳಿದರು. ಮುದ್ದೆ ಕಿತ್ತಾಟದಲ್ಲಿ ಬೂದಿಗೆ ಬಿದ್ದದ್ದನ್ನು ಹೇಳುವಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

‘ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಪ್ಪಾ?’

‘ನೀನು ಬಸ್ ಸ್ಟ್ಯಾಂಡ್ ಹತ್ರದವನಲ್ವಾ. ಕೇರಿ ಕತೆ ನಿಂಗ್ಯಾಕೆ ಅಂತ.’

ನಾನು ತಲೆ ಎತ್ತಲಿಲ್ಲ. ಅವರಿಗೆ ಯಾರು ಹೇಳಿದ್ದರೋ!

ಸೆಮಿನಾರಿನಲ್ಲಿ ಗೆಳೆಯನೊಬ್ಬ ಕೇಳಿದ: ಅಷ್ಟು ಸಿಟ್ಟಾಗಿದ್ದ ಕವಿ ಆಮೇಲೆ ಮೆತ್ತಗಾಗಿಬಿಟ್ಟರಲ್ಲ? ಇದು ಹಳೆಯ ಆಕ್ಷೇಪಣೆಯೇ. ಅವರು ಗ್ರಾಮದೇವತೆಗಳ ಬಗ್ಗೆ ಸಂಶೋಧನೆ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ಎರಡು ಅವಧಿಗೆ ವಿಧಾನ ಪರಿಷತ್ತಿನಲ್ಲಿದ್ದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಧಿಕಾರದ ಹತ್ತಿರ ಹೋದ ಕವಿಯನ್ನು ಪ್ರಶ್ನಿಸಬೇಕಾದ್ದೇ. ಆದರೆ ಆ ನಗು ಮೆತ್ತಗಾದವರ ನಗುವಲ್ಲ ಎಂದೆ. ಸಿಟ್ಟಿನ ಹಾಡು ನಮ್ಮನ್ನು ಬೀದಿಗೆ ಕರೆತಂದಿತು. ನಗು ನಮ್ಮ ನಮ್ಮ ಮನೆಗಳಲ್ಲೇ ಮಾತು ಬಿಚ್ಚಿಸಿತು. ಪುರಾವೆಗೆ ಅಪ್ಪನ ಮುದ್ದೆಯ ಕತೆ ಹೇಳಿದೆ. ಹೇಳಿದ ಮೇಲೆ ಮನೆ ಎಲ್ಲಿ ಎಂದು ಮುಚ್ಚಿಡಲು ಏನೂ ಉಳಿಯಲಿಲ್ಲ.

2021ರ ಜೂನ್ 11ರಂದು ಕೋವಿಡ್‌ನಿಂದ ಸಿದ್ಧಲಿಂಗಯ್ಯ ತೀರಿಕೊಂಡರು. ಸುದ್ದಿ ಟಿವಿಯಲ್ಲಿ ಬಂದಾಗ ಅಪ್ಪ ಹೊರಗೆ ಹೋಗಿ ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕೂತರು. ಒಳಗೆ ಬಂದು, ‘ಆ ಪುಸ್ತಕ ಐತಾ? ಸ್ಮಶಾನದ್ದು ಓದು’ ಎಂದರು.

ಓದಿದೆ. ಆವತ್ತೂ ನಕ್ಕರು.