ವ್ಯಾಸಪೀಠದ ಮೇಲೊಂದು ಟ್ಯಾಬ್

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಟ್ಯಾಬನ್ನೇ ಅದರ ಪರದೆ ಮಾಡಿಕೊಂಡು ಬರೆಯುವುದೆಂದರೆ ನನಗೆ ಬಲು ಇಷ್ಟ. ಹಗಲೆಲ್ಲ ಪುಣೆಯ ಖರಾಡಿಯಲ್ಲಿರುವ ಇಯಾನ್ ಐಟಿ ಪಾರ್ಕಿನಲ್ಲಿ ಜೋಡಿ ಮಾನಿಟರುಗಳನ್ನು ನೋಡಿ ದಣಿದ ಕಣ್ಣಿಗೆ ರಾತ್ರಿ ಒಂದು ಪುಟವಷ್ಟೇ ಕಂಡರೆ ಹಾಯೆನಿಸುತ್ತದೆ.

ಏರ್ಪಾಡು ಸರಳ. ಮುಚ್ಚಳ ಹಾಕಿದರೂ ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಮೊದಲೇ ಬದಲಿಸಿಡಬೇಕು. ಸ್ಪೇಸ್‌ಡೆಸ್ಕ್ ತಂತ್ರಾಂಶವನ್ನು ಎರಡರಲ್ಲೂ ಹಾಕಿಕೊಂಡರೆ ಟ್ಯಾಬ್ ಇನ್ನೊಂದು ಮಾನಿಟರ್ ಆಗುತ್ತದೆ. ವೈಫೈಯಲ್ಲೂ ನಡೆಯುತ್ತದೆ, ಆದರೆ ನಮ್ಮ ಕಟ್ಟಡದಲ್ಲಿ ಮನೆಗೊಂದು ರೂಟರ್. ಸಿಗ್ನಲ್ಲುಗಳ ಆ ನೂಕುನುಗ್ಗಲಿನಲ್ಲಿ ಅಕ್ಷರ ಬೆರಳಿಗಿಂತ ಹಿಂದೆ ಬೀಳುತ್ತದೆ. ಯುಎಸ್‌ಬಿ ಕೇಬಲ್ಲೇ ವಾಸಿ. ಕೊನೆಗೆ ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ, ಎರಡನೇ ಪರದೆಯೊಂದೇ ಸಾಕೆಂದು ಆರಿಸಿ, ಮುಚ್ಚಳ ಹಾಕಿ, ಹೊರಗಿನಿಂದ ಜೋಡಿಸಿದ ಕೀಲಿಮಣೆಯಲ್ಲಿ ಬರೆಯುವುದು. ಮುಚ್ಚಿದ ಯಂತ್ರಕ್ಕೆ ಗಾಳಿಯಾಡಬೇಕು; ಹಾಸಿಗೆಯ ಮೇಲಂತೂ ಇಡಬೇಡಿ.

ಟ್ಯಾಬಿಗೆ ನಾನು ಕೊಟ್ಟಿರುವ ಆಸನ ಪುಣೆಯ ತುಳಶೀಬಾಗ್ ಪೇಟೆಯಿಂದ ತಂದ, ಪುಸ್ತಕವಿಟ್ಟು ಓದುವ ಮರದ ವ್ಯಾಸಪೀಠ. ಅದರ ಮೇಲೆ ಟ್ಯಾಬನ್ನು ಉದ್ದಕ್ಕೆ ನಿಲ್ಲಿಸಿ, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಪೋರ್ಟ್ರೇಟ್ ಮಾಡಿದರೆ ಮುಂದಿರುವುದು ಪುಸ್ತಕದ ಪುಟವೇ. ಬರೆದದ್ದರ ಮೇಲಿನ ಪ್ಯಾರಾ ಕಣ್ಣಳತೆಯಲ್ಲೇ ಇರುತ್ತದೆ. ಮಾತು ಎಲ್ಲಿಂದ ಹೊರಟಿತ್ತು ಎಂಬುದು ಮರೆಯುವುದಿಲ್ಲ.

ನಿಜವಾದ ಸುಖ ಅಕ್ಷರದಲ್ಲಿದೆ. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಅದರಲ್ಲಿ ಒತ್ತು ಕೊಡುವುದು ‘ಎಫ್’ ಕೀಲಿ. ‘ರಾಷ್ಟ್ರ’ ಎಂದು ಬರೆಯುವಾಗ ಅದನ್ನು ಎರಡು ಸಲ ಒತ್ತಬೇಕು: ಷಕಾರದ ಅಡಿಗೆ ಮೊದಲು ಟಕಾರ, ಅದರ ಮಗ್ಗುಲಿಗೆ ರಕಾರ. ನನ್ನ 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 141 ಚುಕ್ಕೆಗಳಷ್ಟೇ; ಸಣ್ಣ ಅಕ್ಷರದಲ್ಲಿ ಆ ಒತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. 11 ಇಂಚಿನ ಟ್ಯಾಬಿನಲ್ಲಿ 2560×1600, ಅಂದರೆ ಇಂಚಿಗೆ ಸುಮಾರು 274. ಸ್ಪೇಸ್‌ಡೆಸ್ಕಿನಲ್ಲಿ ಪೂರ್ಣ ರೆಸಲ್ಯೂಶನ್ ಆರಿಸಿ, ಚಿತ್ರದ ಗುಣಮಟ್ಟ ಏರಿಸಿಕೊಂಡರೆ ಪ್ರತಿ ಒತ್ತಿನ ಬಾಗೂ ಕೊಕ್ಕೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಇಂಗ್ಲಿಷಿಗೆ ಈ ನುಣುಪು ಇಲ್ಲದಿದ್ದರೂ ನಡೆದೀತು, ಸಾಲಿನ ಕೆಳಗೂ ಅಕ್ಷರ ಇಳಿಬಿಡುವ ಕನ್ನಡಕ್ಕೆ ಬೇಕೇ ಬೇಕು.

ಲ್ಯಾಪ್‌ಟಾಪು, ಟ್ಯಾಬು ಎರಡಕ್ಕೂ ಸ್ವಂತ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಬರವಣಿಗೆ ನಿಲ್ಲದು. ಮಾನಿಟರ್ ಆಗಿದ್ದರೆ ಆರಿಹೋಗುತ್ತಿತ್ತು. ಅಗಲವಾದ ಎಕ್ಸೆಲ್ ಹಾಳೆಗೆ ಮಾತ್ರ ಇದು ಒಗ್ಗುವುದಿಲ್ಲ. ಆದರೆ ಕನ್ನಡದಲ್ಲಿ ಉದ್ದುದ್ದ ಬರೆಯುವವರು ಮನೆಯಲ್ಲಿ ಸುಮ್ಮನೆ ಬಿದ್ದಿರುವ ಟ್ಯಾಬನ್ನು ಒಂದು ಸಂಜೆ ಹೀಗೆ ನಿಲ್ಲಿಸಿ ನೋಡಬೇಕು.