ಬೆಂಚಿನ ಮೇಲೆ ನಾಲ್ಕು ಟಚ್‌ಡೌನ್

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ನಮ್ಮ ಹಾಸನಕ್ಕಿಂತ ಚಿಕ್ಕ ಊರು. ಜನಸಂಖ್ಯೆ ಒಂದು ಲಕ್ಷ ದಾಟಿ ಕೆಲವೇ ಸಾವಿರ. ಆ ಊರಿನ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ ಮಾತ್ರ 81,000ಕ್ಕೂ ಹೆಚ್ಚು ಜನ ಕೂರಬಹುದು. ಅಲ್ಲಿ ಆಡುವ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಧಣಿ ಅಂತ ಯಾರೂ ಇಲ್ಲ. 1923ರಿಂದ ಅದು ಜನರದೇ ಸ್ವತ್ತು. ಐದು ಲಕ್ಷಕ್ಕೂ ಹೆಚ್ಚು ಮಂದಿ ಷೇರು ಇಟ್ಟುಕೊಂಡಿದ್ದಾರೆ. ಲಾಭಾಂಶ ಬರುವುದಿಲ್ಲ, ಮಾರಿ ಕಾಸು ಮಾಡಿಕೊಳ್ಳುವ ಹಾಗೂ ಇಲ್ಲ, ಆದರೂ ಷೇರುಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರಂತೆ. ಕರ್ಲಿ ಲ್ಯಾಂಬೋ ಎಂಬಾತ 1919ರಲ್ಲಿ ತಂಡ ಕಟ್ಟಿದಾಗ ಜೆರ್ಸಿಗೆ ದುಡ್ಡು ಕೊಟ್ಟದ್ದು ಅವನು ಕೆಲಸಕ್ಕಿದ್ದ ಮಾಂಸದ ಡಬ್ಬಿ ತಯಾರಿಸುವ ಕಂಪನಿ. ಅದರ ಹೆಸರು ಇಂಡಿಯನ್ ಪ್ಯಾಕಿಂಗ್ ಕಂಪನಿ! ನಮಗೂ ಅದಕ್ಕೂ ಏನೂ ಸಂಬಂಧವಿಲ್ಲದಿದ್ದರೂ ಕೇಳಿ ಖುಷಿಯಾಯಿತು.

ಇದನ್ನೆಲ್ಲ ನನಗೆ ಹೇಳುತ್ತಿದ್ದವನು ನನ್ನ ಅಣ್ಣನ ಮಗ. ಷಿಕಾಗೋ ಪಕ್ಕದ ನೇಪರ್ವಿಲ್‌ನಲ್ಲಿ ಮನೆ. ವಿಸ್ಕಾನ್ಸಿನ್ನಿನ ಮ್ಯಾಡಿಸನ್‌ನಲ್ಲಿ ಓದಿದ್ದರಿಂದ ಷಿಕಾಗೋ ಬೇರ್ಸ್ ಬಿಟ್ಟು, ಅದರ ಹಗೆಯಾದ ಪ್ಯಾಕರ್ಸ್ ಕಡೆ ವಾಲಿದವನು. 2024ರ ಅಕ್ಟೋಬರ್ 13, ವಿಜಯದಶಮಿಯ ಮರುದಿನ, ಭಾನುವಾರ. ಪ್ಯಾಕರ್ಸ್ ಆಟ ನೋಡಲು ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟೆವು. ಆಯುಧಪೂಜೆಯ ಚೆಂಡುಹೂವಿನ ಹಾರ ಕಾರಿನ ಮೂತಿಯ ಮೇಲೆ ಹಾಗೇ ಇತ್ತು. ಸ್ಟಿಯರಿಂಗ್ ಹಿಡಿದವಳು ಅವನ ಹೆಂಡತಿ. ಪಕ್ಕದಲ್ಲಿ ಕೂತ ಅವನು ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಪೂಜೆಗೆ ಲ್ಯಾಪ್‌ಟಾಪ್ ಇಟ್ಟಾಗ ಲೈನಪ್ ಪುಟ ತೆರೆದೇ ಇಟ್ಟಿದ್ದ, ಚಿಕ್ಕಪ್ಪ. ಅದಕ್ಕೂ ಕುಂಕುಮ ಬಿದ್ದಿದೆ" ಅಂದಳು.

"ಬಿದ್ದರೇನು, ಇವತ್ತು ಗೆಲ್ಲೋದು ನಾನೇ."

ಗಂಡ ಹೆಂಡತಿ ಒಂದೇ ಫ್ಯಾಂಟಸಿ ಲೀಗಿನಲ್ಲಿದ್ದಾರೆ. ಹನ್ನೆರಡು ಜನ, ಎಲ್ಲರೂ ಕನ್ನಡದವರೇ. ಹಣದ ಬಾಜಿ ಇಲ್ಲ, ಕೊನೆಯ ಸ್ಥಾನಕ್ಕೆ ಬಿದ್ದವರು ಯುಗಾದಿಗೆ ಎಲ್ಲರಿಗೂ ಒಬ್ಬಟ್ಟು ಮಾಡಿ ಹಾಕಬೇಕು. ವಾರಕ್ಕೊಬ್ಬ ಎದುರಾಳಿ. ಆ ವಾರ ಅವನಿಗೆ ಎದುರಾಳಿ ಅವಳೇ.

ನಮ್ಮಲ್ಲಿ ಡ್ರೀಮ್ ಇಲೆವೆನ್ ಆಡಿದವರಿಗೆ ಅರ್ಧ ಅರ್ಥವಾಗುತ್ತದೆ. (2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದು ಅದರ ಹಣದ ಸ್ಪರ್ಧೆಗಳು ನಿಂತವು, ಆ ಮಾತು ಬೇರೆ.) ಅಲ್ಲಿ ಒಂದು ಪಂದ್ಯಕ್ಕೆ ಹನ್ನೊಂದು ಜನರನ್ನು ಆರಿಸಿದರೆ ಮುಗಿಯಿತು, ನಾಳೆಯದು ನಾಳೆಗೆ. ಇಲ್ಲಿ ಹಾಗಲ್ಲ. ಸೀಸನ್ ಶುರುವಾಗುವ ಮುಂಚೆ ಸರದಿಯ ಮೇಲೆ ಆಟಗಾರರನ್ನು ಆರಿಸಿ, ಒಬ್ಬೊಬ್ಬರೂ ಹದಿನೈದು ಹದಿನಾರು ಜನರನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಾರೆ. ಒಬ್ಬರ ಬಳಿ ಇದ್ದವನು ಇನ್ನೊಬ್ಬರಿಗೆ ಸಿಕ್ಕುವುದಿಲ್ಲ. ಅವರಲ್ಲಿ ವಾರವಾರ ಒಂಬತ್ತು ಹೆಸರು ಲೈನಪ್ಪಿಗೆ, ಉಳಿದವರು ಬೆಂಚಿಗೆ. ನಿಜವಾದ ಮೈದಾನದಲ್ಲಿ ಅವರು ಓಡಿದ ಗಜ, ಹಿಡಿದ ಚೆಂಡು, ಗಳಿಸಿದ ಟಚ್‌ಡೌನ್ ಎಲ್ಲ ಇಲ್ಲಿ ಅಂಕವಾಗುತ್ತದೆ. ಚೆಂಡು ಹಿಡಿದೋ ಹೊತ್ತೋ ಗಡಿ ದಾಟಿದರೆ ಆರು ಅಂಕ, ಹತ್ತು ಗಜ ಓಡಿದರೆ ಒಂದು, ಕ್ವಾರ್ಟರ್‌ಬ್ಯಾಕ್ ಎಸೆತದಿಂದ ಬಂದ ಟಚ್‌ಡೌನಿಗೆ ಅವನಿಗೆ ನಾಲ್ಕು. ಬೆಂಚಿನಲ್ಲಿ ಕೂತವನು ಎಷ್ಟೇ ಮೆರೆದರೂ ಲೆಕ್ಕಕ್ಕೆ ಸೊನ್ನೆ. ಅವನ ಅಂಕವನ್ನೂ ಆ್ಯಪ್ ತೋರಿಸುತ್ತದೆ, ಕೂಡುವುದಿಲ್ಲ ಅಷ್ಟೆ. ಈ ತೋರಿಸುವ ಏರ್ಪಾಡು ಮಾಡಿದವನು ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವನಿರಬೇಕು.

ಆ ವಾರ ಹುಡುಗನಿಗೆ ಪೇಚು. ಪ್ರತಿ ತಂಡಕ್ಕೂ ಸೀಸನ್ನಿನಲ್ಲಿ ಒಂದು ವಾರ ರಜೆ ಉಂಟು, ಬೈ ವೀಕ್ ಅನ್ನುತ್ತಾರೆ. ಮಿನೆಸೋಟ ವೈಕಿಂಗ್ಸಿಗೆ ಅದು ರಜೆಯ ವಾರ. ಇವನ ಅತಿರಥ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು, ಜಸ್ಟಿನ್ ಜೆಫರ್ಸನ್ ಆ ತಂಡದವನು. ಉಳಿದವರಲ್ಲಿ, ಅವತ್ತು ಪ್ಯಾಕರ್ಸ್ ಎದುರು ಆಡಲಿದ್ದ ಅರಿಜೋನ ಕಾರ್ಡಿನಲ್ಸ್‌ನ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಬಗ್ಗೆ ಅನುಮಾನವೇ ಇರಲಿಲ್ಲ. ಆ ವರ್ಷದ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ ಹುಡುಗ, ಹಾಲ್ ಆಫ್ ಫೇಮ್ ಸೇರಿದ ತಂದೆಯ ಮಗ. ಎರಡನೆಯ ಜಾಗ ಯಾರಿಗೆ? ಬೇರ್ಸ್‌ನ ಹಿರಿಯ ಕೀನನ್ ಆ್ಯಲೆನ್‌ಗೋ, ಪ್ಯಾಕರ್ಸ್‌ನ ರೋಮಿಯೋ ಡೌಬ್ಸ್‌ಗೋ, ಮಧ್ಯಾಹ್ನ ಮೂರರ ಮೇಲೆ ಆಡುವ ಇನ್ನೊಬ್ಬನಿಗೋ?

ಬೇರ್ಸ್ ಅವತ್ತು ಆಡುತ್ತಿದ್ದದ್ದು ಲಂಡನ್ನಿನಲ್ಲಿ. ಷಿಕಾಗೋ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂವರೆಗೆ ಆಟ ಶುರು. ಆಟ ಶುರುವಾದ ಕ್ಷಣ ಆ ಆಟಗಾರ ಇದ್ದಲ್ಲೇ ಲಾಕ್. ಆಮೇಲೆ ಎಳೆದರೂ ಬರುವುದಿಲ್ಲ, ತಳ್ಳಿದರೂ ಹೋಗುವುದಿಲ್ಲ.

"ಆ್ಯಲೆನ್ ಈ ವರ್ಷ ಇನ್ನೂ ಏನೂ ಕಿಸಿದಿಲ್ಲ" ಅಂತ ಅವನನ್ನು ಬೆಂಚಿಗೆ ಹಾಕಿದ.

ಮಿಲ್ವಾಕಿ ದಾಟಿದ ಮೇಲೆ ದಾರಿ ಮಿಷಿಗನ್ ಸರೋವರದ ಪಕ್ಕಪಕ್ಕಕ್ಕೇ ಹೋಗುತ್ತದೆ. ಸರೋವರ ಅಂದೆ, ಆಚೆ ದಡ ಕಾಣುವುದಿಲ್ಲ. ಬಲಕ್ಕೆ ಸೀಸದ ಬಣ್ಣದ ನೀರು, ಎಡಕ್ಕೆ ಕೊಯ್ಲಾದ ಜೋಳದ ಹೊಲ, ಕೆಂಪು ಕೊಟ್ಟಿಗೆ, ಹಾಲಿನ ಹಸು. ನಾನು ಅದನ್ನು ನೋಡುತ್ತಿದ್ದೆ. ಇವನ ಫೋನು ಟಿಂಗ್ ಅಂದಿತು. ಲಂಡನ್ನಿನಲ್ಲಿ ಆ್ಯಲೆನ್ ಟಚ್‌ಡೌನ್. ಆಮೇಲೆ ಇನ್ನೊಂದು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅವಳು ಮಾತ್ರ ವೈಪರ್ ಹಾಕಿದಳು, ಮಳೆ ಶುರುವಾಗಿತ್ತು.

ಅವನನ್ನು ಸಮಾಧಾನ ಮಾಡಲೋ ಏನೋ, ಅವಳು ಈ ಫ್ಯಾಂಟಸಿ ಆಟದ ಹುಟ್ಟಿನ ಕಥೆ ತೆಗೆದಳು. 1962ರಲ್ಲಿ ಓಕ್ಲೆಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಎಂಬಾತ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರ ಜೊತೆ ಕೂತು ಇದರ ನಿಯಮ ಬರೆದ. ಮರುವರ್ಷ ಅವನ ಮನೆಯಲ್ಲೇ ಮೊದಲ ಡ್ರಾಫ್ಟ್. ಅದರಲ್ಲಿ ಮೊಟ್ಟಮೊದಲು ಆರಿಸಲ್ಪಟ್ಟವನು ಕ್ವಾರ್ಟರ್‌ಬ್ಯಾಕ್ ಜಾರ್ಜ್ ಬ್ಲಾಂಡ. ಹಿಂದಿನ ಸೀಸನ್ನಿನಲ್ಲಿ 42 ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದವನು! ಓಟದ ದೈತ್ಯ ಜಿಮ್ ಬ್ರೌನ್ ಅವನ ನಂತರ ಹೋದ, ಆ ವರ್ಷ 1,863 ಗಜ ಓಡಿದ. ಬ್ಲಾಂಡನನ್ನು ಆರಿಸಿದವರಲ್ಲಿ ಒಬ್ಬನಾದ ಆ್ಯಂಡಿ ಮೌಸಲಿಮಸ್ ಮುಂದೆ ಓಕ್ಲೆಂಡ್‌ನ ತನ್ನ ಬಾರಿನಲ್ಲಿ ಗಿರಾಕಿಗಳಿಗೂ ಈ ಆಟದ ಹುಚ್ಚು ಹಿಡಿಸಿದ. ಅಂದರೆ ಈ ಆಟದ ಮೊದಲ ಆಯ್ಕೆಯೇ ತಪ್ಪಿದ್ದು. ಇದನ್ನು ಕೇಳಿ ನನಗೆ ಆಟದ ಮೇಲೆ ಪ್ರೀತಿ ಹುಟ್ಟಿತು. ಹುಡುಗನಿಗೆ ಹುಟ್ಟಿದಂತೆ ಕಾಣಲಿಲ್ಲ.

ಗ್ರೀನ್ ಬೇ ತಲುಪಿದಾಗ ಕಂಡದ್ದು ಜಾತ್ರೆಯೇ. ಕ್ರೀಡಾಂಗಣ ಇರುವುದು ಮನೆಗಳ ನಡುವೆ. ಮನೆಯವರು ಮಳೆಗೆ ಅಂಗಿಯ ಕಾಲರ್ ಎತ್ತಿಕೊಂಡು, ಕೈಬರಹದ ರಟ್ಟಿನ ಫಲಕ ಹಿಡಿದು, ತಮ್ಮ ಹುಲ್ಲಂಗಳಕ್ಕೇ ಕಾರುಗಳನ್ನು ಕರೆಯುತ್ತಿದ್ದರು. ನಮಗೆ ಜಾಗ ಕೊಟ್ಟ ಅಜ್ಜ ಚೆಂಡುಹೂವಿನ ಹಾರ ನೋಡಿ, ಕಾರಿಗೆ ಹುಟ್ಟುಹಬ್ಬವೇ ಅಂತ ಕೇಳಿದ. ಹೆಚ್ಚುಕಡಿಮೆ ಹಾಗೇ ಅಂದೆವು. ಎಲ್ಲೆಲ್ಲೂ ಡಿಕ್ಕಿ ತೆರೆದ ಕಾರು, ಕೆಂಡದ ಒಲೆ, ಸಾಸೇಜಿನ ಹೊಗೆ, ಚೀಸಿನ ತುಂಡಿನಂತೆ ಕೊರೆದ ಹಳದಿ ಸ್ಪಂಜಿನ ಟೋಪಿ ಹೊತ್ತ ತಲೆಗಳು. ಸಸ್ಯಾಹಾರಿಯಾದ ನನಗೆ ಅವಳು ಚೀಸ್ ಕರ್ಡ್ ಕೊಡಿಸಿದಳು. ಹೆಬ್ಬೆರಳು ಗಾತ್ರದ ಬಿಳಿ ಉಂಡೆಗಳು, ಅವತ್ತಿನವೇ ಆದರೆ ಕಚ್ಚುವಾಗ ಹಲ್ಲಿನ ನಡುವೆ ಕಿಚ್ ಅಂತ ಸದ್ದು ಮಾಡುತ್ತವೆ. ಮಾಡಿದವು. ನಾನು ಸದ್ದು ಕೇಳಲೆಂದೇ ಪೊಟ್ಟಣ ಖಾಲಿ ಮಾಡಿದೆ.

ಆಟಕ್ಕೆ ತೊಂಬತ್ತು ನಿಮಿಷ ಮುಂಚೆ ಎರಡೂ ತಂಡಗಳು ಇವತ್ತು ಯಾರು ಆಡುವುದಿಲ್ಲ ಅಂತ ಪಟ್ಟಿ ಕೊಡಬೇಕು. ಹತ್ತೂವರೆ ಆಗುತ್ತಿದ್ದಂತೆ ಆ ಹೊಗೆಯ ನಡುವೆ ಒಂದು ವಿಚಿತ್ರ ಮೌನ ಹರಡಿತು. ಸಾಸೇಜ್ ತಿರುವುತ್ತಿದ್ದವರು, ಬಿಯರ್ ಹಿಡಿದವರು, ಮಕ್ಕಳ ಮುಖಕ್ಕೆ ಬಣ್ಣ ಬಳಿಯುತ್ತಿದ್ದ ತಾಯಂದಿರು, ಎಲ್ಲರ ತಲೆಯೂ ಫೋನಿನೊಳಗೆ. ನಿಂತಲ್ಲೇ ಸಾವಿರಾರು ಜನ ತರಬೇತುದಾರರಾಗಿಬಿಟ್ಟಿದ್ದರು. ಪಕ್ಕದ ಕಾರಿನ ಅಪರಿಚಿತ ನಮ್ಮ ಹುಡುಗನ ಬಳಿ ಬಂದು, ಯಾವ ಪೀಠಿಕೆಯೂ ಇಲ್ಲದೆ, ಇಬ್ಬರು ರನ್ನಿಂಗ್ ಬ್ಯಾಕ್‌ಗಳ ಹೆಸರು ಹೇಳಿ ಯಾರನ್ನು ಹಾಕಲಿ ಅಂತ ಕೇಳಿದ. ಇವನು ಎದುರಾಳಿ ತಂಡದ ಡಿಫೆನ್ಸು, ಕಾಲಿನ ಪೆಟ್ಟು, ಗಾಳಿ ಎಲ್ಲ ತೂಗಿ ಉತ್ತರ ಕೊಟ್ಟ. ಊರವರ ಆಟಗಾರರ ಬಗ್ಗೆ ಎಷ್ಟು ಚೆನ್ನಾಗಿ ಸಲಹೆ ಕೊಡುತ್ತಾನೆ!

ಉಳಿದದ್ದು ಡೌಬ್ಸ್ ಪ್ರಶ್ನೆ. ಹಿಂದಿನ ವಾರ ಅಭ್ಯಾಸಕ್ಕೆ ಬರದೆ ಕೂತದ್ದಕ್ಕೆ ತಂಡವೇ ಅವನನ್ನು ಒಂದು ಪಂದ್ಯಕ್ಕೆ ಅಮಾನತು ಮಾಡಿತ್ತು. ಅವತ್ತು ವಾಪಸು ಬರುತ್ತಿದ್ದ.

"ಮುನಿಸಿಕೊಂಡು ಬಂದವನಿಗೆ ಚೆಂಡು ಕೊಟ್ಟು ಸಮಾಧಾನ ಮಾಡ್ತಾರೆ, ಹಾಕೋ" ಅಂದಳು ಎದುರಾಳಿ.

"ಮಳೆ ಕಣೇ. ಒದ್ದೆ ಚೆಂಡು ಎಸೆಯಲ್ಲ, ಹೊತ್ಕೊಂಡು ಓಡ್ತಾರೆ. ನೀನು ಬೇಕಂತಲೇ ಹೇಳ್ತಿದ್ದೀಯ."

ಡೌಬ್ಸ್ ಕೂಡ ಬೆಂಚಿಗೆ. ಅವಳ ಲೈನಪ್ಪಿನಲ್ಲಿ ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಇದ್ದ. ಅವಳು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಲ್ಯಾಂಬೋದ ಒಳಗೆ ಹೋದವರು ಮೊದಲು ಕೆಳಗೆ ನೋಡುತ್ತಾರೆ. ಅಂಗಳ ಬಟ್ಟಲಿನ ತಳದಲ್ಲಿದೆ, ಮಳೆಗೆ ತೊಳೆದ ಹಸಿರು ಕಣ್ಣು ಕೋರೈಸುತ್ತದೆ. ಹೆಚ್ಚಿನ ಕಡೆ ಕುರ್ಚಿಗಳಿಲ್ಲ, ಉದ್ದುದ್ದ ಲೋಹದ ಬೆಂಚು, ಭುಜಕ್ಕೆ ಭುಜ ತಾಗಿಸಿ ಕೂರಬೇಕು. 1967ರ ಡಿಸೆಂಬರ್ 31ರಂದು ಇದೇ ಅಂಗಳದಲ್ಲಿ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಪ್ಯಾಕರ್ಸ್ ಡಲ್ಲಾಸನ್ನು 21–17ರಿಂದ ಸೋಲಿಸಿದರು. ಆ ಚಳಿಯಲ್ಲಿ ಈ ಬೆಂಚಿನ ಮೇಲೆ ಕೂತವರ ಗತಿ ಏನಾಗಿರಬೇಕು? ನನಗೆ ಅಕ್ಟೋಬರಿನ ಮಳೆಯೇ ಸಾಕಾಗಿತ್ತು.

ಹನ್ನೆರಡಕ್ಕೆ ಆಟ. ಮಳೆಯಲ್ಲಿ ಲವ್ ಚೆಂಡು ಎಸೆಯುವುದಿಲ್ಲ ಎಂಬ ಶಾಸ್ತ್ರವನ್ನು ಲವ್ ಓದಿರಲಿಲ್ಲ. ಅವನು ಅವತ್ತು ನಾಲ್ಕು ಟಚ್‌ಡೌನ್ ಎಸೆದ. ಅದರಲ್ಲಿ ಎರಡನ್ನು ಹಿಡಿದದ್ದು ರೋಮಿಯೋ ಡೌಬ್ಸ್. ಮೊದಲನೆಯದು ಬಿದ್ದಾಗ ನಾನು ಆಟ ನೋಡದೆ ಅಣ್ಣನ ಮಗನನ್ನು ನೋಡಿದೆ. ಅವನ ಎರಡೂ ಕೈ ಮೇಲೆ ಹೋದವು, ಬಾಯಿಂದ ಕೇಕೆ ಬಂತು, ಕಣ್ಣು ಮಾತ್ರ ಸಾಲ ಕೊಟ್ಟವನನ್ನು ಕಂಡ ಕಣ್ಣು. ಎಂಬತ್ತು ಸಾವಿರ ಜನರ ಗದ್ದಲದಲ್ಲಿ ಇಂಥ ಮುಖ ಇನ್ನೆಷ್ಟಿದ್ದವೋ. ನಮ್ಮ ಮುಂದಿನ ಸಾಲಿನಲ್ಲಿ ಹಸಿರು ಜೆರ್ಸಿ ತೊಟ್ಟ ಒಬ್ಬಾಕೆ ಅರಿಜೋನದ ಓಟಗಾರ ಚೆಂಡು ಹಿಡಿದಾಗಲೆಲ್ಲ ಮಳೆಕೋಟಿನೊಳಗೆ ಗುಟ್ಟಾಗಿ ಮುಷ್ಟಿ ಬಿಗಿಯುತ್ತಿದ್ದಳು. ಒಂದೇ ಅಂಗಳ, ಒಂದೇ ಚೆಂಡು. ಆದರೆ ಅಲ್ಲಿ ಕೂತವರು ನೋಡುತ್ತಿದ್ದ ಆಟಗಳಿಗೆ ಲೆಕ್ಕವಿಲ್ಲ. ಮನುಷ್ಯ ತನ್ನ ತಂಡದ ಗೆಲುವಿನಲ್ಲೇ ತನ್ನ ಸೋಲನ್ನೂ ಕೂತು ಅನುಭವಿಸುವ ಇಂಥ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲರ್ಧದಲ್ಲಿ ಹ್ಯಾರಿಸನ್ ಪೆಟ್ಟು ತಿಂದು ಬಿದ್ದ. ತಲೆಗೆ ಏಟು. ಒಂದು ಚೆಂಡನ್ನೂ ಹಿಡಿಯದೆ ಆಟದಿಂದ ಹೊರಗೆ ಹೋದ. ಸುತ್ತ ಎಷ್ಟೋ ಫೋನುಗಳು ಬೆಳಗಿದವು. ಇಪ್ಪತ್ತೆರಡು ವಯಸ್ಸಿನ ಹುಡುಗನ ಮಿದುಳಿನ ಗತಿ ಏನೋ ಎಂಬ ಹೊತ್ತಿನಲ್ಲಿ ಜನ ಸೊನ್ನೆ ಎಣಿಸುತ್ತಿದ್ದರು. ಇಡೀ ದಿನದ ಬೆರಗಿನಲ್ಲಿ ನನಗೆ ಕಹಿಯಾದದ್ದು ಇದೊಂದೇ. ನಮ್ಮ ಹುಡುಗನ ಹೆಬ್ಬೆರಳೂ ಪರದೆಯತ್ತ ಹೋಯಿತು. ಎದುರಾಳಿ ಅವನ ಕೈಯಿಂದ ಫೋನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. ಹ್ಯಾರಿಸನ್ ಮುಂದಿನ ವಾರ ಮತ್ತೆ ಆಡಿದನೆಂದು ಆಮೇಲೆ ತಿಳಿಯಿತು.

ಪ್ಯಾಕರ್ಸ್ 34–13ರಿಂದ ಗೆದ್ದರು. ಅಜ್ಜನ ಹುಲ್ಲಂಗಳ ಅಷ್ಟರಲ್ಲಿ ಕೆಸರುಗದ್ದೆ. ಕಾರಿಗೆ ಹತ್ತಿದ ಮೇಲೆ ಫೋನು ವಾಪಸು ಸಿಕ್ಕಿತು. ಬೆಂಚಿನಲ್ಲಿ ಆ್ಯಲೆನ್ ಎರಡು, ಡೌಬ್ಸ್ ಎರಡು, ನಾಲ್ಕು ಟಚ್‌ಡೌನ್ ಬೂದು ಬಣ್ಣದಲ್ಲಿ ಸಾಲಾಗಿ ಕೂತಿದ್ದವು. ಸೋಮವಾರ ರಾತ್ರಿ ಬಫಲೋ–ಜೆಟ್ಸ್ ಪಂದ್ಯದಲ್ಲಿ ಅವನದು ಒಬ್ಬ ಆಟಗಾರ ಬಾಕಿ. ಆ ಆಟಗಾರ ಎಷ್ಟು ಗಳಿಸಿದರೆ ಹೆಂಡತಿಯನ್ನು ಹಿಡಿಯಬಹುದು ಅಂತ ಲೆಕ್ಕ ಹಾಕಿ, ಸಾಧ್ಯವೇ ಇಲ್ಲ ಅಂತ ಒಪ್ಪಿಕೊಂಡು, ಐದು ನಿಮಿಷ ಸುಮ್ಮನಿದ್ದ. ಆಮೇಲೆ ಹಿಂದಕ್ಕೆ ತಿರುಗಿದ.

"ಚಿಕ್ಕಪ್ಪ, ಗುರುವಾರ ಡೆನ್ವರ್ ಆಟ ಇದೆ. ಅವರ ಕಿಕ್ಕರ್‌ನ ಹಾಕಲೋ, ನಮ್ಮ ಹಳೆಯವನನ್ನೇ ಇಡಲೋ? ನಿಮಗೇನೂ ಗೊತ್ತಿಲ್ವಲ್ಲ, ಅದಕ್ಕೇ ಕೇಳ್ತಿದ್ದೀನಿ."

ಹಳೆಯವನೇ ಇರಲಿ ಅಂದೆ. ಅವನು ಗಂಭೀರವಾಗಿ ತಲೆಯಾಡಿಸಿ ಡೆನ್ವರ್‌ನವನನ್ನು ಹಾಕಿದ.